ಜಮೀನ್ದಾರನ ತುಟಿ

ಆ ವರ್ಷ ಜ್ಯೇಷ್ಠ ಮಾಸದಲ್ಲಿ ಸೊಲೇಮಾನ್ ಮಂಡಲ್ ನಮ್ಮೂರಿಗೆ ಹಂಡೆ ತರುವ ಬದಲು ತಲೆ ತಂದ.

ಹತ್ತೊಂಬತ್ತು ವರ್ಷಗಳಿಂದ ಅವನು ನದಿಯಾ ಜಿಲ್ಲೆಯಿಂದ ಬಸ್ಸು, ರೈಲು, ಮತ್ತೆ ಬಸ್ಸು ಹಿಡಿದು ಬಾಂಕುರಾದ ನಮ್ಮ ಕೆಮ್ಮಣ್ಣಿನ ಊರಿಗೆ ಬರುತ್ತಿದ್ದವನು. ನಿಕುಂಜ ಧೀಬರನ ಹ್ಯಾಚರಿಯಲ್ಲಿ ಅಲ್ಯೂಮಿನಿಯಂ ಹಂಡೆಗೆ ರೋಹು ಮೀನಿನ ಮರಿಗಳನ್ನು ತುಂಬಿಸಿಕೊಳ್ಳುವುದು, ದಾರಿಯುದ್ದಕ್ಕೂ ಅಂಗೈಯಿಂದ ಹಂಡೆಯ ನೀರನ್ನು ತಟ್ಟುತ್ತ ಹೋಗುವುದು, ತನ್ನ ಸೀಮೆಯ ಕೆರೆಗಳಿಗೆ ಅವನ್ನು ಮಾರುವುದು ಅವನ ಕಸುಬು. ತಟ್ಟುವುದು ನಿಂತರೆ ಮರಿಗಳ ಉಸಿರೂ ನಿಲ್ಲುತ್ತದೆ. ಹೀಗಾಗಿ ಸೊಲೇಮಾನನ ಬಲಗೈ ಸುಮ್ಮನೆ ಕೂತಾಗಲೂ ತೊಡೆಯನ್ನು ತಟ್ಟುತ್ತಿರುತ್ತಿತ್ತು. ಅಂದು ಅದೂ ತಟ್ಟಲಿಲ್ಲ.

ನಿಕುಂಜನ ಜಗಲಿಯ ಮೇಲೆ ಕೂತು, ಚೀಲದಿಂದ ಉಪ್ಪು ಮೆತ್ತಿದ ಒಂದು ಮೀನಿನ ತಲೆ ತೆಗೆದು ನೆಲದ ಮೇಲಿಟ್ಟ. ಹಣೆಯ ಮೇಲೆ ಸಿಂಧೂರವಿತ್ತು.

"ದಾದಾ, ಇದು ಯಾವ ಮೀನು?"

"ಎಲ್ಲಿ ಸಿಕ್ತು?" ಎಂದ ನಿಕುಂಜ. ಪ್ರಶ್ನೆಗೆ ನೇರ ಉತ್ತರ ಕೊಟ್ಟರೆ ಏನೋ ಕಳೆದುಹೋಗುತ್ತದೆ ಎಂದು ನಂಬಿದ ಮನುಷ್ಯ ಅವನು.

"ಮೊದಲು ನಾನು ಕೇಳಿದ್ದಕ್ಕೆ ಹೇಳಿ."

"ಸಿಂಧೂರ ಯಾಕಿದೆ?"

"ಮದುವೆ ಮೀನು ಕಣ್ರೀ! ನಿಮ್ಮ ಮರಿ ಕೊಂಡ ನನ್ನ ಗಿರಾಕಿ ಎರಡು ವರ್ಷ ಸಾಕಿ, ಮಗನ ಮದುವೆಗೆ ಅಂತ ಸೀರೆ ಉಡಿಸಿ, ಮೂಗುಬೊಟ್ಟು ಇಟ್ಟು ಹೆಣ್ಣಿನ ಮನೆಗೆ ಕಳಿಸಿದ. ರೋಹು ಅಂತ ಕಳಿಸಿದ. ಹೆಣ್ಣಿನ ಸೋದರತ್ತೆ ಇದರ ಕೆಳತುಟಿ ಎಳೆದು ನೋಡಿ, 'ಕಾಟ್ಲಾಗೆ ರೋಹು ಸೀರೆ ಉಡಿಸಿದಾರೆ, ಇನ್ನು ಗಂಡಿಗೆ ಏನೇನು ಉಡಿಸಿದಾರೋ' ಅಂದಳಂತೆ. ಮದುವೆ ನಿಲ್ಲೋದೊಂದು ಬಾಕಿ."

ನಿಕುಂಜ ತಲೆಯನ್ನು ತಿರುಗಿಸಿ ತಿರುಗಿಸಿ ನೋಡಿದ. ರೋಹುವಿನ ಕೆಳತುಟಿಗೆ ಸೆರಗಿನ ಕುಚ್ಚಿನಂಥ ಅಂಚಿರುತ್ತದೆ. ಕಾಟ್ಲಾಕ್ಕೆ ಅದಿಲ್ಲ, ಬದಲಿಗೆ ದೊಡ್ಡ ಬುರುಡೆ, ಮೇಲಕ್ಕೆ ತೆರೆದ ಬಾಯಿ. ಈ ತಲೆಯಲ್ಲಿ ಕುಚ್ಚು ಅರ್ಧಕ್ಕೇ ನಿಂತಿತ್ತು, ಬುರುಡೆ ಅರ್ಧದಷ್ಟು ಹೆಚ್ಚಾಗಿತ್ತು. ಎರಡು ಮನೆಯ ಸೊತ್ತು.

"ಬರೋ ಶುಕ್ರವಾರ ಬಿಟ್ಟು ಅದರ ಮುಂದಿನ ಶುಕ್ರವಾರ ಬರ್ತೀನಿ," ಎಂದ ಸೊಲೇಮಾನ್. "ನಿಮ್ಮ ರೋಹುಗೆ ಕಾಟ್ಲಾ ಹೇಗೆ ಬೆರೀತು ಅಂತ ಅಷ್ಟರಲ್ಲಿ ಹೇಳ್ಬೇಕು. ಗೊತ್ತಿಲ್ಲ ಅಂದ್ರೆ ರಸ್ತೆ ದಾಟಿ ಪಟಲ್ ರಕ್ಷಿತನ ಹ್ಯಾಚರಿಗೆ ಹೋಗ್ತೀನಿ. ಮುಂದೆ ಈ ಜಗಲಿ ಹತ್ತಲ್ಲ."

ಚಹಾ ಕುಡಿಯದೆ ಹೋದ. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ.

ಸೊಲೇಮಾನ್ ರಸ್ತೆ ದಾಟಿದರೆ ಅವನ ಹಿಂದೆ ನದಿಯಾದ ಉಳಿದ ಹಂಡೆಯವರೂ ದಾಟುತ್ತಾರೆ. ಆಮೇಲೆ ನಿಕುಂಜನ ತೊಟ್ಟಿಗಳಲ್ಲಿ ಎಮ್ಮೆ ಮೀಯಿಸಬಹುದು, ಅಷ್ಟೇ. ಏಕೆಂದರೆ ಈ ವ್ಯಾಪಾರ ನಿಂತಿರುವುದು ಮಾರುವವನ ಬಾಯಿಯ ಮೇಲೆ. ಮೂರು ದಿನದ ಮೀನಿನ ಮರಿಯನ್ನು ಬಟ್ಟಲಲ್ಲಿ ಎತ್ತಿ ನೋಡಿದರೆ ಕಾಣುವುದು ಎರಡು ಚುಕ್ಕೆ, ಒಂದು ಗೀಟು. ಚುಕ್ಕೆ ಕಣ್ಣು, ಗೀಟು ಮೈ. ರೋಹು, ಕಾಟ್ಲಾ, ಮೃಗಾಲ್ ಎಲ್ಲದಕ್ಕೂ ಅದೇ ಚುಕ್ಕೆ, ಅದೇ ಗೀಟು. ಗಿರಾಕಿಗೆ ನಿಜ ತಿಳಿಯುವ ಹೊತ್ತಿಗೆ ಮೀನು ಮದುವೆಗೆ ಹೊರಟಿರುತ್ತದೆ. ತಲೆಮಾರುಗಳನ್ನು ಮಾರುವ ಕಸುಬು ಇದು. ಅದಕ್ಕೇ ನಮ್ಮೂರಲ್ಲಿ ಪ್ರತಿಯೊಬ್ಬರಿಗೂ ಪ್ರತಿಯೊಬ್ಬರ ಮೇಲೂ ಗುಮಾನಿ. ಅವರೆಲ್ಲರ ಗುಮಾನಿಯನ್ನು ಒಂದು ತಕ್ಕಡಿಯಲ್ಲಿಟ್ಟು ನಿಕುಂಜನದನ್ನು ಇನ್ನೊಂದರಲ್ಲಿಟ್ಟರೆ ನಿಕುಂಜನ ತಟ್ಟೆ ನೆಲ ಮುಟ್ಟುತ್ತಿತ್ತು.

ನಾನು ಅವನ ಪಕ್ಕದ ಮನೆ. ನಮ್ಮ ಕೋಳಿ ಅವನ ಅಂಗಳಕ್ಕೆ ಹೋದರೆ, ನಾನೇ ಏನನ್ನೋ ನೋಡಿಕೊಂಡು ಬರಲು ಕಳಿಸಿದ್ದೇನೆ ಎಂದುಕೊಳ್ಳುತ್ತಿದ್ದ. ಗಡಿಯಾರ ಸರಿಯಿದೆಯೇ ಎಂದು ಮೂರು ಮನೆಯಲ್ಲಿ ಕೇಳಿ, ಮೂರೂ ಒಂದೇ ಸಮಯ ಹೇಳಿದರೆ 'ಮಾತಾಡಿಕೊಂಡಿದ್ದಾರೆ' ಎನ್ನುತ್ತಿದ್ದ. ಹೀಗಿದ್ದರೂ ಮೀನಿನ ಸಂಸಾರದ ಬಗ್ಗೆ ನನಗೆ ಗೊತ್ತಿರುವುದೆಲ್ಲ ಅವನು ಹೇಳಿಕೊಟ್ಟದ್ದೇ. ಮಿಷನ್ ಶಾಲೆಯಲ್ಲಿ ಆ ಪಾಠ ಬಂದಾಗ ನಮ್ಮ ಸಿಸ್ಟರ್ ಎರಡು ಪುಟ ಒಟ್ಟಿಗೆ ತಿರುವಿ, "ನೆಕ್ಸ್ಟ್, ಕಪ್ಪೆ" ಎಂದಿದ್ದರು.

ಆ ಎರಡು ಪುಟಗಳಲ್ಲಿ ಇದ್ದದ್ದು ಇಷ್ಟು. ರೋಹು ಹರಿಯುವ ಹೊಳೆಯ ಜೀವ, ನಿಂತ ಕೆರೆಯಲ್ಲಿ ಅದಕ್ಕೆ ಮನಸ್ಸು ಬರುವುದಿಲ್ಲ. ಮೊಟ್ಟೆ ಹೊಟ್ಟೆಯಲ್ಲೇ ಇರುತ್ತದೆ. ಅದಕ್ಕಾಗಿ ಬೇರೆ ಮೀನುಗಳ ಮಿದುಳಿನ ಬುಡದಲ್ಲಿರುವ ಸಾಸಿವೆ ಗಾತ್ರದ ಗ್ರಂಥಿಯನ್ನು ತೆಗೆದು, ಅರೆದು, ನೀರಲ್ಲಿ ಕದಡಿ, ಸೂಜಿಯಲ್ಲಿ ಚುಚ್ಚುತ್ತಾರೆ. ಹೆಣ್ಣಿಗೆ ಎರಡು ಸೂಜಿ, ಗಂಡಿಗೆ ಒಂದು. ಗಂಡಿಗೆ ಹೆಚ್ಚು ಹೇಳಬೇಕಾಗಿಲ್ಲ. ಒಂದು ಹೆಣ್ಣಿಗೆ ಎರಡು ಗಂಡಿನಂತೆ ದುಂಡು ತೊಟ್ಟಿಯಲ್ಲಿ ಬಿಟ್ಟು, ನೀರು ಸುತ್ತುವಂತೆ ಮಾಡಿದರೆ ಹೊಳೆ ಬಂತೆಂದು ನಂಬುತ್ತವೆ. ಬೆಳಗಿನ ಜಾವಕ್ಕೆ ಗಂಡು ಹೆಣ್ಣನ್ನು ಅಟ್ಟಿಸಿಕೊಂಡು ಹೋಗಿ ಪಕ್ಕೆಗೆ ಪಕ್ಕೆ ಒತ್ತುತ್ತದೆ. ಹೆಣ್ಣು ಮೊಟ್ಟೆ ಚೆಲ್ಲುತ್ತದೆ, ಗಂಡು ಅದರ ಮೇಲೆ ಹಾಲು ಚೆಲ್ಲುತ್ತದೆ. ನಮ್ಮವರು ಅದನ್ನು ಹಾಲು ಎಂದೇ ಕರೆಯುವುದು. ಮೈಯೊಳಗೆ ಏನೂ ನಡೆಯುವುದಿಲ್ಲ, ಎಲ್ಲ ಬಯಲಲ್ಲೇ, ನೀರಲ್ಲೇ. ಮೊಟ್ಟೆಗೆ ಒಂದೇ ಒಂದು ಕಿಂಡಿ. ಹಾಲಿನ ಕಣಕ್ಕೆ ನೀರಲ್ಲಿ ಒಂದು ನಿಮಿಷದ ಆಯುಷ್ಯ. ಅಷ್ಟರಲ್ಲಿ ಒಂದು ಕಣ ಒಳಗೆ ಹೋದರೆ ಕಿಂಡಿ ಮುಚ್ಚಿ, ಮೊಟ್ಟೆ ನೀರು ಕುಡಿದು ಸಬ್ಬಕ್ಕಿಯಂತೆ ಉಬ್ಬಿ ಗಾಜಿನಂತೆ ಹೊಳೆಯುತ್ತದೆ. ಹೋಗದಿದ್ದರೆ ಬೆಳ್ಳಗೆ ಕೊಳೆಯುತ್ತದೆ. ಯಾರ ಹಾಲು, ಯಾವ ಕುಲ ಎಂದು ಕಿಂಡಿ ಕೇಳುವುದಿಲ್ಲ. ರೋಹುವಿನ ಮೊಟ್ಟೆಗೆ ಕಾಟ್ಲಾ ಹಾಲು ಸಿಕ್ಕರೂ ಅಷ್ಟೇ ಸಂತೋಷದಿಂದ ಮುಚ್ಚಿಕೊಳ್ಳುತ್ತದೆ.

"ಕದ ತೆರೆದಿಟ್ಟ ಮನೆ ಅದು," ಎನ್ನುತ್ತಿದ್ದ ನಿಕುಂಜ. "ಕಾವಲು ನಾನು."

ಈಗ ಕಾವಲುಗಾರನ ಕಣ್ಣು ತಪ್ಪಿಸಿ ಒಳಗೆ ಬಂದವನು ಯಾರು?

ಮೊದಲ ಗುಮಾನಿ ಪಟಲ್ ರಕ್ಷಿತನ ಮೇಲೆ. ರಸ್ತೆಯ ಆಚೆಯ ಹ್ಯಾಚರಿಯವನು. ನಿಕುಂಜ ಸೀನಿದರೆ ಅವನು ಕೆಮ್ಮುವಂಥ ಬಾಂಧವ್ಯ. ಗೋಡೆ ಹಾರಿ ಬಂದು ತೊಟ್ಟಿಗೆ ಕಾಟ್ಲಾ ಗಂಡು ಬಿಟ್ಟಿರಬೇಕೆಂದು ನಿಕುಂಜ ಲೆಕ್ಕ ಹಾಕಿದ. ಬಾಗಿಲಿಗೆ ಎರಡನೇ ಬೀಗ ಬಿತ್ತು. ಗೋಡೆಯ ಮೇಲೆ ಬೂದಿ ಚೆಲ್ಲಿ ಹೆಜ್ಜೆ ಗುರುತಿಗೆ ಕಾದ. ಮೂರನೇ ದಿನ ಗುರುತು ಸಿಕ್ಕಿತು, ಬೆಕ್ಕಿನದು. ಬೆಕ್ಕು ಪಟಲನ ಮನೆಯದ್ದೆಂದು ವಾದಿಸಲು ಹೋಗಿ, ಪಟಲನಿಂದ ಬೀದಿಯಲ್ಲೇ ಮಾತು ಕೇಳಿದ.

"ಏನ್ ದಾದಾ, ನನ್ನ ಬೆಕ್ಕು ಐದು ಕೆಜಿ ಕಾಟ್ಲಾ ಬಾಯಲ್ಲಿ ಕಚ್ಕೊಂಡು ಬಂದು, ನಿಮ್ಮ ತೊಟ್ಟೀಲಿ ಬಿಟ್ಟು, ತಿನ್ನದೆ ಹೋಯ್ತಾ? ಹಂಗಿದ್ರೆ ಅದನ್ನ ಮಠಕ್ಕೆ ಸೇರಿಸ್ತೀನಿ ಬಿಡಿ."

ಊರೆಲ್ಲ ನಕ್ಕಿತು. ನಕ್ಕವರ ಹೆಸರುಗಳನ್ನು ನಿಕುಂಜ ಮನಸ್ಸಿನಲ್ಲಿ ಬರೆದುಕೊಂಡ.

ಎರಡನೇ ಗುಮಾನಿ ಮನೆಯೊಳಗೇ ತಿರುಗಿತು. ಹಾರಾಧನ ಬಾಗ್ದಿ ಇಪ್ಪತ್ತೆರಡು ವರ್ಷದಿಂದ ನಿಕುಂಜನ ಜೊತೆಗಾರ. ಗ್ರಂಥಿಗಳ ಸೀಸೆ ಅವನದೇ ಸುಪರ್ದಿ. ಮಾರುಕಟ್ಟೆಯಲ್ಲಿ ಬಿದ್ದ ಮೀನಿನ ತಲೆಗಳನ್ನು ಒಡೆದು, ಗ್ರಂಥಿ ಆಯ್ದು, ಸ್ಪಿರಿಟ್ಟಿನಲ್ಲಿ ಇಡುತ್ತಿದ್ದವನು ಅವನು. ಸೂಜಿ ಹಾಕುವಾಗಲೂ ಇಬ್ಬರ ಕೈ ಬೇಕು. ಹಾರಾಧನ ನೀರಲ್ಲೇ ಮೀನಿನ ತಲೆಗೆ ಒದ್ದೆ ಬಟ್ಟೆ ಸುತ್ತಿ ಎತ್ತುತ್ತಿದ್ದ, ಕಣ್ಣಿಗೆ ಕತ್ತಲಾದರೆ ಮೀನು ಒದ್ದಾಡುವುದಿಲ್ಲ. ಹಿಂಭಾಗ ನಿಕುಂಜನದು. ಎದೆಯ ರೆಕ್ಕೆ ಸವರಿದಾಗ ಉಪ್ಪುಕಾಗದದಂತೆ ಒರಟಿದ್ದರೆ ಗಂಡು, ನುಣುಪಿದ್ದರೆ ಹೆಣ್ಣು. ಹೊಟ್ಟೆ ಒತ್ತಿದಾಗ ಹಾಲು ದಾರದಂತೆ ಬಂದರೆ ಪಾಸು. ಬಾಲದ ಬುಡದಲ್ಲಿ ಸೂಜಿ. ಇಪ್ಪತ್ತೆರಡು ವರ್ಷ ಒಬ್ಬನದು ತಲೆ, ಒಬ್ಬನದು ಬಾಲ.

ಆ ಸೋಮವಾರ ನಿಕುಂಜ ಸೀಸೆಯನ್ನು ಬೆಳಕಿಗೆ ಹಿಡಿದು, "ಇವು ಯಾವ ಮೀನಿನ ತಲೆಯವು?" ಎಂದ. ನಾನು ಅಲ್ಲೇ ಇದ್ದೆ, ಸಾಕ್ಷಿಗೆಂದು ಕರೆಸಿಕೊಂಡಿದ್ದ.

"ಸಿಕ್ಕಿದ್ದರವು," ಎಂದ ಹಾರಾಧನ. "ಕಾಟ್ಲಾ ಜಾಸ್ತಿ. ತಲೆ ದೊಡ್ಡದು, ಒಡೆಯೋಕೆ ಸಲೀಸು."

"ನೋಡಿದ್ರಾ!" ಎಂದು ನಿಕುಂಜ ನನ್ನ ಕಡೆ ತಿರುಗಿದ. "ಕಾಟ್ಲಾ ತಲೆಯೊಳಗಿನದನ್ನ ನನ್ನ ರೋಹುಗೆ ಚುಚ್ಚಿದಾನೆ. ಮಕ್ಕಳಿಗೆ ಕಾಟ್ಲಾ ತಲೆ ಬರದೆ ಇನ್ನೇನು ಬರುತ್ತೆ?"

ಹಾರಾಧನ ಸೀಸೆಯನ್ನು ಅವನ ಕೈಯಿಂದ ತೆಗೆದು ಕೆಳಗಿಟ್ಟ.

"ದಾದಾ, ನೀವು ಮೂವತ್ತು ವರ್ಷದಿಂದ ಆಡಿನ ಮಾಂಸ ತಿಂತಿದೀರ. ನಿಮ್ಮ ಮಗಳಿಗೆ ಕೊಂಬು ಬಂದಿದ್ಯಾ?"

"ಮಗಳ ಸುದ್ದಿ ಬೇಡ."

"ಗ್ರಂಥಿ ಬರೀ ಕರೆ ದಾದಾ. ಏಳು, ಹೊತ್ತಾಯ್ತು ಅಂತ ಎಬ್ಬಿಸುತ್ತೆ. ಎಬ್ಬಿಸಿದವನು ಅಪ್ಪ ಆಗ್ತಾನಾ?"

"ಹಂಗಾದ್ರೆ ಅಪ್ಪ ಯಾರು? ಗಂಡುಗಳನ್ನ ಬಲೆಯಿಂದ ತಂದು ಕೊಡೋನು ನೀನು. ತಲೆ ಮುಚ್ಚಿ ಕೊಡೋನೂ ನೀನೇ. ಬಟ್ಟೆ ಒಳಗೆ ಯಾವುದನ್ನ ಕೊಟ್ಟೆ ಅಂತ ನನಗೇನು ಗೊತ್ತು?" ನಿಕುಂಜನ ದನಿ ಏರಿತು. "ಪಟಲ ನಿನಗೆ ಏನು ಕೊಡ್ತಾನೆ, ಹೇಳಿಬಿಡು."

ಹಾರಾಧನ ಹೆಗಲ ಮೇಲಿದ್ದ ಆ ಒದ್ದೆ ಬಟ್ಟೆಯನ್ನು ಹಿಂಡಿ, ಮಡಿಸಿ, ತೊಟ್ಟಿಯ ಅಂಚಿನ ಮೇಲಿಟ್ಟ. "ಕೊಡೋದು ಏನೂ ಇಲ್ಲ. ಆದ್ರೆ ಅವನು ಕೊನೇ ಪಕ್ಷ ನನ್ನನ್ನ ಬೆಕ್ಕಿಗಿಂತ ಮೇಲೆ ನೋಡ್ತಾನೆ," ಎಂದು ಹೇಳಿ ಹೊರಟುಹೋದ. ನಿಕುಂಜ ಗೇಟಿನ ತನಕ ಹೋಗಿ, ಅವನು ಎಡಕ್ಕೆ ಮನೆ ಕಡೆ ತಿರುಗಿದನೋ ಬಲಕ್ಕೆ ಪಟಲನ ಕಡೆ ತಿರುಗಿದನೋ ನೋಡಿ ಬಂದ. ಎಡಕ್ಕೇ ತಿರುಗಿದ್ದ. "ಸುತ್ತು ದಾರೀಲಿ ಹೋಗ್ತಾನೆ," ಎಂದ.

ಶುಕ್ರವಾರಕ್ಕೆ ನಾಲ್ಕು ದಿನ ಉಳಿದಿತ್ತು. ಕಳ್ಳನನ್ನು ಹಿಡಿದೆನೆಂದು ನಿಕುಂಜ ಮಂಗಳವಾರ ಹಗುರಾಗಿದ್ದ. ಬುಧವಾರ ತಾನೇ ಸೂಜಿ ಹಾಕಿ ಒಂದು ತೊಟ್ಟಿ ಚೊಕ್ಕ ರೋಹು ಮೊಟ್ಟೆ ಮಾಡಿ ಸೊಲೇಮಾನನ ಮುಂದೆ ಇಡುವುದೆಂದು ತೀರ್ಮಾನಿಸಿದ. ಚೊಕ್ಕತನಕ್ಕೆ ಅವನು ಆರಿಸಿದ ಗಂಡು ಜಮೀನ್ದಾರ.

ಜಮೀನ್ದಾರನ ಬಗ್ಗೆ ಹೇಳಬೇಕು. ಲೋಕದಲ್ಲಿ ನಿಕುಂಜ ಯಾರನ್ನಾದರೂ ನಂಬಿದ್ದರೆ ಅದು ಆ ಮೀನನ್ನು. ನಾಲ್ಕು ವರ್ಷದ ಹಿಂದೆ ತನ್ನದೇ ಕೆರೆಯಲ್ಲಿ ಬೆಳೆದವುಗಳಲ್ಲಿ ಎದ್ದು ಕಂಡ ಗಂಡು. ಜೊತೆಯವುಗಳಿಗಿಂತ ಒಂದೂವರೆ ಪಟ್ಟು ಮೈ, ಒತ್ತಿದರೆ ಲೋಟದಷ್ಟು ಹಾಲು. ಅಂದಿನಿಂದ ಪ್ರತಿ ಋತುವಿನಲ್ಲೂ ಮೊದಲ ತೊಟ್ಟಿ ಅದರದೇ. ಉಳಿದ ರೋಹುಗಳು ನೀರಿನ ನಡುಮಟ್ಟದಲ್ಲಿ ಅಡಗಿರುವಾಗ ಇದೊಂದು ಮೇಲಕ್ಕೆ ಬಂದು ಬಾಯಿ ತೆರೆದು, ನಿಕುಂಜ ಚೆಲ್ಲಿದ ಹಿಂಡಿಯನ್ನು ತಿನ್ನುತ್ತಿತ್ತು. "ಗುರುತು ಹಿಡಿಯುತ್ತೆ," ಎನ್ನುವಾಗ ಅವನ ಮುಖದಲ್ಲಿ, ಮಗಳ ಮದುವೆಯಲ್ಲೂ ನಾನು ನೋಡದಿದ್ದ ಕಳೆ ಇರುತ್ತಿತ್ತು.

ತಲೆ ಹಿಡಿಯಲು ಹಾರಾಧನ ಇಲ್ಲದ್ದರಿಂದ ಹೆಂಡತಿ ಪಾರುಲಳನ್ನು ಕರೆದ, ಸಾಕ್ಷಿಗೆ ಮತ್ತೆ ನನ್ನನ್ನು. ಅವಳು ಸೀರೆ ಎತ್ತಿ ಕಟ್ಟಿ ತೊಟ್ಟಿಗೆ ಇಳಿದಳು. ಒದ್ದೆ ಬಟ್ಟೆ ಕೊಟ್ಟರೆ, "ಇದ್ಯಾಕೆ? ನಾನೇನು ಇದರ ಜೊತೆ ಕಣ್ಣಾಮುಚ್ಚಾಲೆ ಆಡಬೇಕಾ?" ಎಂದು ಬದಿಗೆಸೆದು, ಎರಡು ಬೆರಳು ಕಿವಿರಿನ ಹಿಂದೆ ಒತ್ತಿ ತಲೆಯನ್ನು ಎತ್ತಿ ಹಿಡಿದಳು. ಮೀನು ಸುಮ್ಮನಾಯಿತು. ನಿಕುಂಜ ಹಿಂದೆ ಬಗ್ಗಿ ರೆಕ್ಕೆ ಸವರಿದ, ಹೊಟ್ಟೆ ಒತ್ತಿದ. ಹಾಲು ಚಿಮ್ಮಿತು.

"ಆಹಾ, ನೋಡೇ! ಇದಕ್ಕೆ ರೋಹು ಅನ್ನೋದು."

ಪಾರುಲ ಹೆಬ್ಬೆರಳಿನಿಂದ ಮೀನಿನ ಕೆಳತುಟಿಯನ್ನು ಎಳೆದು ನೋಡುತ್ತಿದ್ದಳು.

"ರೀ, ಇದರ ಕುಚ್ಚೆಲ್ಲಿ?"

"ಏನು ಕುಚ್ಚು?"

"ತುಟಿ ಕುಚ್ಚು. ಇಪ್ಪತ್ತೇಳು ವರ್ಷ ಈಳಿಗೆಮಣೆ ಮುಂದೆ ಕೂತಿದೀನಿ, ರೋಹು ತುಟಿ ನನಗೆ ಹೇಳಿಕೊಡ್ತೀರಾ? ಇಲ್ಲಿ ಅರ್ಧ ಇದೆ, ಅರ್ಧ ಬೋಳು. ಬುರುಡೆ ನೋಡಿ, ಮಡಕೆ ಇದ್ದಂಗಿದೆ. ಇದಕ್ಕೆ ಕಾಟ್ಲಾ ಮನೆ ನೆಂಟಸ್ತನ ಇದೆ."

ನಿಕುಂಜ ಬಾಲದ ಕಡೆಯಿಂದ ತಲೆಯ ಕಡೆಗೆ ಬಂದ. ಮೂರೇ ಹೆಜ್ಜೆ, ನಾಲ್ಕು ವರ್ಷದಲ್ಲಿ ಒಮ್ಮೆಯೂ ಇಡದ ಮೂರು ಹೆಜ್ಜೆ. ಬಗ್ಗಿ ನೋಡಿದ. ಜಗಲಿಯ ಮೇಲೆ ಉಪ್ಪು ಮೆತ್ತಿಕೊಂಡು ಬಂದಿದ್ದ ಮದುವೆಯ ತಲೆ, ಸಿಂಧೂರವೊಂದನ್ನು ಬಿಟ್ಟು, ಪಾರುಲಳ ಕೈಯಲ್ಲಿ ಜೀವಂತ ಬಾಯಿ ಆಡಿಸುತ್ತಿತ್ತು.

ಕಾಟ್ಲಾ ಮೇಲ್ನೀರಿನಲ್ಲಿ ತಿನ್ನುವ ಮೀನು. ಜಮೀನ್ದಾರ ಮೇಲೆ ಬರುತ್ತಿದ್ದುದು ಗುರುತು ಹಿಡಿದು ಅಲ್ಲ, ರಕ್ತದ ಚಾಳಿಯಿಂದ. ಮೈ ಬೆಳೆದದ್ದೂ ಬೆರಕೆಯ ಬಲದಿಂದಲೇ. ಯಾವುದೋ ವರ್ಷ, ನೀರು ಸಾಲದೆ ಎರಡೂ ಜಾತಿಯನ್ನು ಒಂದೇ ತೊಟ್ಟಿಗೆ ಬಿಟ್ಟಾಗ ಯಾವುದೋ ಕಿಂಡಿಯೊಳಗೆ ಪಕ್ಕದವನ ಹಾಲು ಹೋಗಿತ್ತು. ಹುಟ್ಟಿದವುಗಳಲ್ಲಿ ಅತಿ ಸುಂದರನನ್ನು ಆರಿಸಿ, ನಾಲ್ಕು ವರ್ಷ ಎಲ್ಲ ಹೆಣ್ಣುಗಳಿಗೂ ಅವನನ್ನೇ ಕಟ್ಟಿ, ಮರಿಗಳನ್ನು ರೋಹು ಎಂದು ಆಣೆ ಮಾಡಿ ಮಾರಿದವನು ನಿಕುಂಜ.

ಅವನು ತೊಟ್ಟಿಯ ಅಂಚಿನಲ್ಲಿ ಕೂತ. "ಹಾರಾಧನನಿಗೆ ಗೊತ್ತಿತ್ತು," ಎಂದ. ಮತ್ತೆ ಗುಮಾನಿಯೇ ಎಂದುಕೊಂಡೆ. ಅಲ್ಲ. "ಮೊದಲನೇ ವರ್ಷಾನೇ ಹೇಳಿದ್ದ. 'ದಾದಾ, ತಲೆ ಭಾರ ಅನ್ನಿಸುತ್ತೆ, ಬಿಟ್ಟುಬಿಡೋಣ' ಅಂದ. ಇಷ್ಟು ಒಳ್ಳೆ ಗಂಡನ್ನ ನಾನು ಬಿಟ್ರೆ ಇವನು ಹಿಡ್ಕೊಂಡು ಹೋಗಿ ಪಟಲನಿಗೆ ಕೊಡ್ತಾನೆ ಅಂದ್ಕೊಂಡೆ. ಜಮೀನ್ದಾರನ ತಲೆ ಭಾರವಾಗೇ ಇರುತ್ತೆ, ಬಾಯಿ ಮುಚ್ಚು ಅಂದೆ."

"ಅವರು ಮುಚ್ಚಿದ್ರು," ಎಂದಳು ಪಾರುಲ. "ಬಾಯೂ ಮುಚ್ಚಿದ್ರು, ಮೀನಿನ ಮುಖಾನೂ ಮುಚ್ಚಿದ್ರು. ನೀವು ಹೇಳಿದ್ದನ್ನೇ ಮಾಡಿದಾರೆ."

ಶುಕ್ರವಾರ ಸೊಲೇಮಾನ್ ಬಂದ. ಈ ಸಲ ಹಂಡೆ ಇತ್ತು, ಆದರೆ ಅದನ್ನು ನಿಕುಂಜನ ಗೇಟಿನೊಳಗೆ ತರದೆ ರಸ್ತೆಯ ನಡುವೆಯೇ ಇಟ್ಟು ಬಂದ. ಯಾವ ಕಡೆಗಾದರೂ ಹೋಗಬಹುದಾದ ಹಂಡೆ. ನಿಕುಂಜ ನಡೆದದ್ದನ್ನು ನಡೆದ ಹಾಗೆ ಹೇಳಿದ. ಸೊಲೇಮಾನ್ ಕಣ್ಣು ಸಣ್ಣಗೆ ಮಾಡಿ ಕೇಳಿದ.

"ನಂಬೋಕೆ ಕಷ್ಟ ದಾದಾ. ತಪ್ಪು ನಂದು ಅಂತ ಯಾರಾದ್ರೂ ಹೇಳ್ತಾರಾ, ಅದೂ ನೀವು? ಇನ್ಯಾವುದೋ ದೊಡ್ಡದನ್ನ ಮುಚ್ಚಿಡೋಕೆ ಈ ಕತೆ ಕಟ್ಟಿದೀರ."

ಜೀವಮಾನದಲ್ಲಿ ಮೊದಲ ಸಲ ಪೂರ್ತಿ ನಿಜ ಹೇಳಿದವನಿಗೆ ಸಿಕ್ಕ ಮರ್ಯಾದೆ ಇದು. ನಿಕುಂಜನ ಬಾಯಿ ಜಮೀನ್ದಾರನ ಬಾಯಿಯಂತೆ ತೆರೆದು ಮುಚ್ಚಿತು.

"ಆ ಮೀನು ಸರಿಯಿಲ್ಲ ಅಂತ ನಿಮಗೆ ಮೊದಲು ಹೇಳಿದ್ದು ಯಾರು ಅಂದ್ರಿ?" ಎಂದ ಸೊಲೇಮಾನ್.

"ಹಾರಾಧನ."

"ಎಲ್ಲಿ ಅವನು?"

"ಓಡಿಸಿಬಿಟ್ಟೆ."

"ಹಂಗಾದ್ರೆ ಕರ್ಕೊಂಡು ಬನ್ನಿ. ಯಜಮಾನನ ಮುದ್ದಿನ ಮೀನಿನ ವಿರುದ್ಧ ಮುಖದ ಮೇಲೆ ಮಾತಾಡಿದ ಒಬ್ಬನೇ ಒಬ್ಬ ಈ ಊರಲ್ಲಿದ್ದಾನೆ ಅಂತಾಯ್ತು. ಅವನು ರೋಹು ಅಂದ್ರೆ ಹಂಡೆ ಒಳಗೆ ತರ್ತೀನಿ. ನಿಮ್ಮ ಮಾತಿಗೆ ತರಲ್ಲ."

ನಿಕುಂಜ ಒಬ್ಬನೇ ಹೋಗಲು ಹಿಂಜರಿದು ನನ್ನನ್ನು ಎಳೆದುಕೊಂಡು ಹೋದ. ದಾರಿಯಲ್ಲಿ ಮೀನ ಮೇಷ ಎಣಿಸುತ್ತಲೇ ಇದ್ದ, ಮೇಷಕ್ಕಿಂತ ಮೀನವನ್ನೇ ಹೆಚ್ಚು. ಹಾರಾಧನ ಅಂಗಳದಲ್ಲಿ ಬಲೆ ಹೊಲಿಯುತ್ತಿದ್ದವನು ತಲೆ ಎತ್ತಲಿಲ್ಲ.

"ಜಮೀನ್ದಾರನ ತುಟಿ ನೋಡಿದೆ," ಎಂದ ನಿಕುಂಜ.

"ಹೂಂ."

"ನೀನು ಹೇಳಿದ್ದೇ ಸರಿ."

"ಹೂಂ. ನೀವಾಗೇ ಬಂದ್ರಾ, ಸೊಲೇಮಾನ್ ಕಳಿಸಿದ್ನಾ?"

ನಿಕುಂಜ ನನ್ನ ಕಡೆ ನೋಡಿದ. ನಾನು ಹಾರಾಧನನ ಬೇಲಿಯ ಕಡೆ ನೋಡಿದೆ.

"ಅವನೇ ಕಳಿಸಿದ. ನಾನೂ ಬರೋನೇ ಇದ್ದೆ. ಒಂದೆರಡು ದಿನ ತಡವಾಗಿ."

"ಎಷ್ಟು ದಿನ?"

"ಹೆಚ್ಚಂದ್ರೆ ಭಾನುವಾರ."

ಹಾರಾಧನ ಸೂಜಿಯನ್ನು ಬಲೆಗೆ ಸಿಕ್ಕಿಸಿ ಎದ್ದ. "ಸೋಮವಾರ ಅಂತ ಹೇಳಿದ್ರೆ ಸುಳ್ಳು ಅಂದ್ಕೊಳ್ತಿದ್ದೆ, ಇವತ್ತೇ ಅಂದಿದ್ರೂ ಸುಳ್ಳೇ. ನಡೀರಿ. ಆದ್ರೆ ಯಾವ ಮೀನು ಬೇಡ ಅಂತೀನೋ ಅದು ಬೇಡ. ಯಾಕೆ ಅಂತ ಕೇಳಂಗಿಲ್ಲ."

ಅಂದು ಮಧ್ಯಾಹ್ನ ಹ್ಯಾಚರಿಯ ಎಲ್ಲ ಮೀನುಗಳ ಮುಖ ಬಯಲಾಯಿತು. ಬಟ್ಟೆ ಇಲ್ಲದೆ ಒಂದೊಂದನ್ನೂ ಎತ್ತಿ, ತುಟಿ ಎಳೆದು, ಹಾರಾಧನ ಈ ಕಡೆ ಅಥವಾ ಆ ಕಡೆ ಬಿಟ್ಟ. ಜಮೀನ್ದಾರನ ಜೊತೆಗೆ ಅವನ ಮಕ್ಕಳೆಂದು ಕಂಡ ಹನ್ನೊಂದು ಗಂಡು, ಆರು ಹೆಣ್ಣು ಹೊರಗಾದವು. ಅವುಗಳಲ್ಲಿ ಎರಡರ ವಿಷಯದಲ್ಲಿ ನಿಕುಂಜನಿಗೆ ಬಲವಾದ ಅನುಮಾನವಿತ್ತು. ಕುಚ್ಚು ಚೆನ್ನಾಗಿಯೇ ಇದೆ ಎಂದು ಅವನ ಕಣ್ಣು ಹೇಳುತ್ತಿತ್ತು. ಕೇಳಲು ಬಾಯಿ ತೆರೆದ. ಹಾರಾಧನ ನೋಡಿದ. ನಿಕುಂಜ ಆಕಳಿಸಿದಂತೆ ಮಾಡಿದ.

ಉಳಿದವುಗಳಲ್ಲಿ ನಾಲ್ಕು ಹೆಣ್ಣು, ಎಂಟು ಗಂಡನ್ನು ಸೂಜಿ ಹಾಕಿ ತೊಟ್ಟಿಗೆ ಬಿಟ್ಟರು. ಶನಿವಾರ ಬೆಳಗ್ಗೆ ನೀರಿನ ತುಂಬ ಮೊಟ್ಟೆ, ಗಾಜಿನ ಮಣಿಗಳಂತೆ, ಬೆಳ್ಳಗಾದದ್ದು ಕೆಲವೇ. ಸಂಜೆಯ ಹೊತ್ತಿಗೆ ಮಣಿಯೊಳಗಿನ ಗೀಟು ಮಿಡುಕಿತು. ಸೊಲೇಮಾನ್ ಬುಧವಾರದ ತನಕ ನಿಕುಂಜನ ಮನೆಯಲ್ಲೇ ಉಳಿದು, ಪಾರುಲ ಮಾಡಿದ ಸಾಸಿವೆ ಮೀನಿನ ಸಾರನ್ನು ಪ್ರತಿ ಊಟಕ್ಕೂ ಎರಡು ಸಲ ಬಡಿಸಿಕೊಂಡ. ತಟ್ಟೆಯಲ್ಲಿನ ಮೀನಿನ ತುಟಿಯನ್ನು ಮಾತ್ರ ಪ್ರತಿ ಸಲ ಬೆರಳಿಂದ ಮುಟ್ಟಿ ನೋಡಿದ.

ಬುಧವಾರ ಮರಿ ಅಳೆಯುವ ಹೊತ್ತು. ಹಂಡೆ ಇನ್ನೂ ಗೇಟಿನ ಆಚೆಯೇ ಇತ್ತು. ರಸ್ತೆಯ ಆ ಬದಿ ಪಟಲ್ ರಕ್ಷಿತ್ ತನ್ನ ಬಾಗಿಲಲ್ಲಿ ಹಲ್ಲುಕಡ್ಡಿ ಕಚ್ಚಿಕೊಂಡು ನಿಂತಿದ್ದ. ನಿಕುಂಜ ಬಟ್ಟಲಲ್ಲಿ ಮರಿ ಎತ್ತಿ ಸೊಲೇಮಾನನಿಗೆ ಚಾಚಿ, ಹತ್ತೊಂಬತ್ತು ವರ್ಷದಿಂದ ಹೇಳುತ್ತಿದ್ದ ಮಾತು ಹೇಳಲು ಉಸಿರೆಳೆದುಕೊಂಡ.

ಸೊಲೇಮಾನ್ ಅವನನ್ನು ದಾಟಿ ನೋಡಿದ. "ಹಾರಾಧನ ಭಾಯಿ, ಇದೇನು?"

ಹಾರಾಧನ ಅವಸರ ಮಾಡಲಿಲ್ಲ. ನಿಕುಂಜನ ಮುಖ ನೋಡಿದ, ಬಟ್ಟಲು ನೋಡಿದ.

"ರೋಹು," ಎಂದ.

ಸೊಲೇಮಾನ್ ಹೋಗಿ ಹಂಡೆಯನ್ನು ಒಳಗೆ ತಂದ. ಅರ್ಧ ತುಂಬಿದ ಮೇಲೆ ಕೈ ಅಡ್ಡ ಹಿಡಿದ. "ಈ ವರ್ಷ ಇಷ್ಟೇ. ಇನ್ನರ್ಧ ಪಟಲನ ಹತ್ರ. ಇವು ಬೆಳೆದು ತುಟಿಗೆ ಕುಚ್ಚು ಮೂಡೋ ತನಕ ನೋಡ್ತೀನಿ, ಆಮೇಲೆ ಮಿಕ್ಕಿದ್ದು."

"ಪಟಲನದ್ದು ರೋಹುನೇ ಅಂತ ಏನು ಗ್ಯಾರಂಟಿ?" ಎಂದ ನಿಕುಂಜ, ತಡೆಯಲಾರದೆ.

"ಅದನ್ನೂ ಹಾರಾಧನ ಭಾಯಿನೇ ಕೇಳ್ತೀನಿ," ಎಂದು ಸೊಲೇಮಾನ್ ಬಲಗೈಯನ್ನು ಹಂಡೆಗೆ ಇಳಿಸಿ, ನೀರನ್ನು ತಟ್ಟಲು ಶುರುಮಾಡಿದ.